ಸ್ವಯಂಸೇವಕ ಶಿಕ್ಷಕರಾಗಿ ತಾಂಜಾನಿಯಾದಲ್ಲಿ: ದಿನಚರಿ, ನೆರೆಹೊರೆ, ಸ್ನೇಹ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತಾಂಜಾನಿಯಾದ ಈಶಾನ್ಯ ಕರಾವಳಿಯ ಟಾಂಗಾ ಪ್ರಾಂತದಲ್ಲಿ, ಕಿತ್ತಳೆ ತೋಟಗಳಿಗೂ ಕತ್ತಾಳೆ ಎಸ್ಟೇಟುಗಳಿಗೂ ಹೆಸರಾದ ಮುಹೇಜಾ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸಿ ಉಡುಪಿಗೆ ಮರಳಿದ ಮೇಲೆ, ಕುಂದಾಪುರದಿಂದ ಮಂಗಳೂರಿನವರೆಗಿನ ಶಿಕ್ಷಕಿಯರು, ಬಿ.ಎಡ್. ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಂದಿರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಅರ್ಜಿ, ವೀಸಾ ಮುಂತಾದವುಗಳ ಬಗ್ಗೆ ಬರೆದದ್ದು ಕಡಿಮೆ, ಏಕೆಂದರೆ ಆ ನಿಯಮಗಳು ಬದಲಾಗುತ್ತಿರುತ್ತವೆ. ಅಲ್ಲಿ ದಿನ ಹೇಗೆ ಕಳೆಯುತ್ತದೆ, ಯಾರೊಡನೆ ಹೇಗೆ ಬೆರೆಯಬೇಕು ಎಂಬುದರ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಭಾರತದವರು ಇಂತಹ ಕೆಲಸಕ್ಕೆ ಯಾರ ಮೂಲಕ ಹೋಗಬಹುದು?

ಎಲ್ಲರೂ ಮೊದಲು ಹೇಳುವ ಹೆಸರು ಅಮೆರಿಕದ ಪೀಸ್ ಕೋರ್. ಆದರೆ 1961ರಲ್ಲಿ ಆರಂಭವಾದ ಆ ಸಂಸ್ಥೆ ಅಮೆರಿಕದ ಪ್ರಜೆಗಳನ್ನು ಮಾತ್ರ ಕಳುಹಿಸುತ್ತದೆ. ನಮಗೆ ತೆರೆದಿರುವ ದಾರಿಗಳಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವೂ 1958ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ವಿ.ಎಸ್.ಒ. ಸಂಸ್ಥೆಯೂ ಸೇರಿವೆ. ಇವೆರಡರಲ್ಲಿಯೂ ತರಗತಿಯೊಳಗೆ ನಿಂತು ಪಾಠ ಮಾಡುವ ಹುದ್ದೆಗಳಿಗಿಂತ ಶಿಕ್ಷಕರ ತರಬೇತಿ, ಯೋಜನೆಯ ಉಸ್ತುವಾರಿ ಮುಂತಾದ ಕೆಲಸಗಳೇ ಹೆಚ್ಚು. ಕರಾವಳಿಯ ಕ್ರೈಸ್ತ ಧಾರ್ಮಿಕ ಸಭೆಗಳ ಭಗಿನಿಯರು ಆಫ್ರಿಕಾದ ಹಲವು ಕಡೆ ಶಾಲೆಗಳನ್ನು ನಡೆಸುತ್ತಿರುವುದರಿಂದ, ಆ ಪರಿಚಯದ ಮೂಲಕ ಹೋದವರೂ ಇದ್ದಾರೆ. ನಿಮ್ಮಿಂದಲೇ ದೊಡ್ಡ ಮೊತ್ತ ವಸೂಲು ಮಾಡಿ, ಆಫ್ರಿಕಾದ ಮಕ್ಕಳ ನಗುಮುಖಗಳನ್ನು ಜಾಹೀರಾತಿನಲ್ಲಿ ತೋರಿಸುವ ಏಜೆನ್ಸಿಗಳ ಸಹವಾಸ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡಬಹುದೇ?

ಮಾಡಬಾರದು. ಸಂಬಳವಿಲ್ಲದ ಕೆಲಸವೂ ಅಲ್ಲಿನ ಕಾನೂನಿನ ಕಣ್ಣಿಗೆ ಕೆಲಸವೇ. ಸ್ವಯಂಸೇವಕರಿಗೆ ಸಾಮಾನ್ಯವಾಗಿ ಸಿ ದರ್ಜೆಯ ವಾಸದ ಪರವಾನಗಿ ಬೇಕಾಗುತ್ತದೆ, ಅದಕ್ಕೆ ಅರ್ಜಿ ಹಾಕುವುದು ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆಯ ಹೊಣೆ. ಆ ಹೊಣೆ ಹೊರಲು ಮೀನಮೇಷ ಎಣಿಸುವ ಸಂಸ್ಥೆ ಮುಂದೆ ನೀವು ಜ್ವರ ಬಂದು ಮಲಗಿದಾಗಲೂ ಹಾಗೆಯೇ ನಡೆದುಕೊಳ್ಳುತ್ತದೆ.

ಆ ದೇಶದಲ್ಲಿ ಶಿಕ್ಷಕರೇ ಇಲ್ಲವೇ? ನಾವೇಕೆ ಹೋಗಬೇಕು?

ಇದನ್ನು ಕೇಳುವವರು ಕಡಿಮೆಯಾದರೂ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ತರಬೇತಿ ಪಡೆದು ಸರ್ಕಾರಿ ನೇಮಕಾತಿಗಾಗಿ ಕಾಯುತ್ತಿರುವ ಯುವ ಶಿಕ್ಷಕರು ತಾಂಜಾನಿಯಾದಲ್ಲಿ ಸಾಕಷ್ಟಿದ್ದಾರೆ. ಕೊರತೆ ಎದ್ದು ಕಾಣುವುದು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ, ಅದರಲ್ಲಿಯೂ ಹಳ್ಳಿಯ ಶಾಲೆಗಳಲ್ಲಿ. 2016ರಿಂದ ಸರ್ಕಾರಿ ಪ್ರೌಢಶಾಲೆಗಳ ನಾಲ್ಕನೆಯ ಫಾರ್ಮ್‌ವರೆಗೆ (ಅಲ್ಲಿ ಪ್ರೌಢಶಾಲೆಯ ತರಗತಿಗಳಿಗೆ ಫಾರ್ಮ್ ಎನ್ನುತ್ತಾರೆ) ಬೋಧನಾ ಶುಲ್ಕ ರದ್ದಾದ ಮೇಲೆ ಮಕ್ಕಳ ಸಂಖ್ಯೆ ಏರಿದ ವೇಗದಲ್ಲಿ ಕೊಠಡಿಗಳೂ ವಿಜ್ಞಾನ ಶಿಕ್ಷಕರೂ ಏರಲಿಲ್ಲ. ಆದ್ದರಿಂದ ವಿಜ್ಞಾನ ಅಥವಾ ಗಣಿತ ಕಲಿಸಬಲ್ಲವರು ಹೋದರೆ ಶಾಲೆಗೆ ಉಪಕಾರವಾಗುತ್ತದೆ. ವಿಷಯವೊಂದರಲ್ಲಿ ಪದವಿಯಿಲ್ಲದೆ, ಇಂಗ್ಲಿಷ್ ಮಾತನಾಡಲು ಬರುತ್ತದೆ ಎಂಬ ಒಂದೇ ಯೋಗ್ಯತೆಯ ಮೇಲೆ ಹೋಗುವವರು ಸ್ಥಳೀಯರೊಬ್ಬರ ಜಾಗದಲ್ಲಿ ಕೂರುತ್ತಾರೆ.

ಶಾಲೆಯ ಒಂದು ದಿನ ಹೇಗಿರುತ್ತದೆ?

ಮಕ್ಕಳು ಬೆಳಗ್ಗೆ ಬೇಗನೆ ಬಂದು ಅಂಗಳ ಗುಡಿಸುವುದರಿಂದ ದಿನ ಆರಂಭವಾಗುತ್ತದೆ. ಆಮೇಲೆ ಸಾಲಾಗಿ ನಿಂತು ಪ್ರಾರ್ಥನಾ ಸಭೆ, ಅನಂತರ ಪಾಠ. ಹತ್ತು ಗಂಟೆಯ ಸುಮಾರಿಗೆ ಶಿಕ್ಷಕರ ಕೊಠಡಿಗೆ ಹಾಲಿಲ್ಲದ ಸಿಹಿ ಚಹಾ, ಜತೆಗೆ ಮಂದಾಜಿ ಬರುತ್ತವೆ. ನಮ್ಮ ಮಂಗಳೂರು ಬನ್ಸ್ ತಿಂದವರಿಗೆ ಮಂದಾಜಿಯ ಪರಿಚಯ ಮಾಡಿಕೊಡಬೇಕಾಗಿಲ್ಲ, ಬಾಳೆಹಣ್ಣಿಲ್ಲ ಎಂಬುದಷ್ಟೇ ವ್ಯತ್ಯಾಸ. ಆ ಚಹಾಕ್ಕೆ ನಮ್ಮ ಶಾಲೆಯಲ್ಲಿ ಶಿಕ್ಷಕರೆಲ್ಲರೂ ತಿಂಗಳಿಗಿಷ್ಟು ಎಂದು ಹಣ ಹಾಕುತ್ತಿದ್ದರು. ವಿದೇಶಿ ಅತಿಥಿ ಎಂದು ನಿಮ್ಮನ್ನು ಬಿಟ್ಟುಬಿಡಲು ಅವರು ಸಿದ್ಧರಿರುತ್ತಾರೆ, ನೀವು ಮೊದಲ ತಿಂಗಳಿನಿಂದಲೇ ನಿಮ್ಮ ಪಾಲು ಕೊಟ್ಟು ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಿ. ಅತಿಥಿಯ ಎದುರು ಶಿಕ್ಷಕರು ಮುಖ್ಯೋಪಾಧ್ಯಾಯರ ಬಗ್ಗೆ ಬಾಯಿ ಬಿಡುವುದಿಲ್ಲ, ಚಹಾದ ಪಟ್ಟಿಯಲ್ಲಿರುವವರ ಎದುರು ಬಿಡುತ್ತಾರೆ.

ಪಾಠದಲ್ಲಿ ಎದುರಾಗುವ ದೊಡ್ಡ ತೊಡಕು ಭಾಷೆಯದು. ಸರ್ಕಾರಿ ಪ್ರಾಥಮಿಕ ಶಾಲೆಯ ಉದ್ದಕ್ಕೂ ಸ್ವಾಹಿಲಿಯಲ್ಲಿ ಕಲಿತ ಮಕ್ಕಳು ಪ್ರೌಢಶಾಲೆಯ ಮೊದಲ ಫಾರ್ಮ್‌ಗೆ ಬರುತ್ತಿದ್ದಂತೆ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಅನೇಕರ ಮನೆಮಾತು ಬೊಂಡೇ, ಸಂಬಾ ಅಥವಾ ಡಿಗೋ, ಅಂದರೆ ಇಂಗ್ಲಿಷು ಅವರಿಗೆ ಮೂರನೆಯ ಭಾಷೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಪಿಯುಸಿ ವಿಜ್ಞಾನದ ಮೊದಲ ತಿಂಗಳು ಬೆವರಿದ ನಮ್ಮ ಜಿಲ್ಲೆಯ ಯಾರಿಗಾದರೂ ಆ ಮಕ್ಕಳ ಮುಖ ನೋಡಿದೊಡನೆ ವಿಷಯ ಅರ್ಥವಾಗುತ್ತದೆ. ಸಮೀಕರಣ ಬರೆದುಕೊಟ್ಟರೆ ಸರಸರನೆ ಬಿಡಿಸುವ ಹುಡುಗಿ, ಅದೇ ಸಮೀಕರಣವನ್ನು ವ್ಯಾಪಾರಿಯೊಬ್ಬನ ಲಾಭ ನಷ್ಟದ ಕತೆಯಾಗಿ ಇಂಗ್ಲಿಷಿನಲ್ಲಿ ಕೇಳಿದಾಗ ಹಾಳೆಯನ್ನು ಖಾಲಿ ಬಿಡುತ್ತಾಳೆ. ಪ್ರತಿ ಪಾಠದ ಮೊದಲು ಹಲಗೆಯ ಒಂದು ಬದಿಯಲ್ಲಿ ಅಂದಿನ ಇಂಗ್ಲಿಷ್ ಪದಗಳನ್ನೂ ಅವುಗಳ ಸ್ವಾಹಿಲಿ ಪದಗಳನ್ನೂ ಬರೆದಿಡುವುದು ನನಗೆ ಉಪಯೋಗಕ್ಕೆ ಬಂದ ಉಪಾಯ. ಸ್ವಾಹಿಲಿ ಪದಗಳನ್ನು ಮಕ್ಕಳೇ ಹೇಳಿಕೊಡುತ್ತಿದ್ದರು, ನನ್ನ ಉಚ್ಚಾರಣೆಯನ್ನೂ ತಿದ್ದುತ್ತಿದ್ದರು.

ಮಾರ್ಚಿಯಿಂದ ಮೇವರೆಗಿನ ದೊಡ್ಡ ಮಳೆಗಾಲದಲ್ಲಿ ತಗಡಿನ ಛಾವಣಿಯ ಮೇಲೆ ಮಳೆ ಬೀಳತೊಡಗಿದರೆ ನಮ್ಮ ಹೆಂಚಿನ ಮನೆಯಲ್ಲಿ ಬೆಳೆದವರು ಊಹಿಸಲಾರದಷ್ಟು ಸದ್ದಾಗುತ್ತದೆ. ಎಷ್ಟು ಕೂಗಿದರೂ ಮೊದಲ ಬೆಂಚಿಗೂ ಕೇಳಿಸುವುದಿಲ್ಲ. ಅಂತಹ ಹೊತ್ತಿಗೆಂದು ಮಾತಿಲ್ಲದೆ ಮಾಡಿಸಬಹುದಾದ ಲೆಕ್ಕಗಳನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕು.

ಗಡಿಯಾರದ ವಿಷಯದಲ್ಲಿ ಗೊಂದಲವಾಗುತ್ತದೆ ಎನ್ನುತ್ತಾರಲ್ಲ?

ಸ್ವಾಹಿಲಿ ಲೆಕ್ಕದಲ್ಲಿ ದಿನ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಹತ್ತು ಗಂಟೆ ಅವರಿಗೆ ನಾಲ್ಕು. ಕೈಗಡಿಯಾರ ಮಾತ್ರ ನಮ್ಮಂತೆಯೇ ತೋರಿಸುತ್ತದೆ, ಓದುವಾಗ ಆರು ಗಂಟೆಯ ವ್ಯತ್ಯಾಸ ಮಾಡಿ ಹೇಳುತ್ತಾರೆ. ಬಸ್ಸಿನ ಸಮಯ, ಮದುವೆಯ ಸಮಯ ಯಾರಾದರೂ ಹೇಳಿದಾಗ ಸ್ವಾಹಿಲಿ ಲೆಕ್ಕವೋ ಇಂಗ್ಲಿಷ್ ಲೆಕ್ಕವೋ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಅದನ್ನು ಅವರು ತಪ್ಪು ತಿಳಿಯುವುದಿಲ್ಲ.

ಸ್ವಾಹಿಲಿ ಕಲಿಯದೆ ನಡೆಯುವುದಿಲ್ಲವೇ?

ಶಾಲೆಯ ಕೆಲಸ ನಡೆಯುತ್ತದೆ, ಬದುಕು ನಡೆಯುವುದಿಲ್ಲ. ಸ್ವಾಹಿಲಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುತ್ತಾರೆ, ಹೆಚ್ಚುಕಡಿಮೆ ಬರೆದಂತೆಯೇ ಓದುತ್ತಾರೆ. ಆದ್ದರಿಂದ ಕನ್ನಡಿಗರಿಗೆ ನಾಲಿಗೆ ತಿರುಗುವುದು ಕಷ್ಟವಲ್ಲ. ಮಂಗಳೂರಿನ ಪೇಟೆಯಲ್ಲಿ ಒಂದೇ ಅಂಗಡಿಯೊಳಗೆ ಮೂರು ಭಾಷೆ ಬದಲಿಸುವವರಿಗೆ ಇನ್ನೊಂದು ಭಾಷೆಯ ಹೆದರಿಕೆಯೂ ಇರುವುದಿಲ್ಲ.

ವ್ಯಾಕರಣಕ್ಕಿಂತ ಮೊದಲು ಕಲಿಯಬೇಕಾದದ್ದು ಮಾತನಾಡಿಸುವ ಕ್ರಮ. ಹಿರಿಯರನ್ನು ಕಂಡಾಗ ಕಿರಿಯರು ‘ಶಿಕಮೂ’ ಎನ್ನಬೇಕು, ಹಿರಿಯರು ‘ಮರಹಬಾ’ ಎಂದು ಉತ್ತರಿಸುತ್ತಾರೆ. ಬಳಿಕ ಮನೆಯ ಸುದ್ದಿ, ಕೆಲಸದ ಸುದ್ದಿ, ಮಕ್ಕಳ ಸುದ್ದಿ, ಬೆಳಗಿನ ಸುದ್ದಿ ಒಂದೊಂದಾಗಿ ವಿಚಾರಿಸಿ, ಎಲ್ಲದಕ್ಕೂ ಚೆನ್ನಾಗಿದೆ ಎಂಬ ಉತ್ತರ ಪಡೆದ ಮೇಲೆಯೇ ಬಂದ ಕೆಲಸ ಹೇಳುವುದು ಮರ್ಯಾದೆ. ಕಚೇರಿಗೆ ನುಗ್ಗಿ ಸೀಮೆಸುಣ್ಣ ಎಲ್ಲಿದೆ ಎಂದು ಕೇಳುವ ವಿದೇಶಿಯನ್ನು ಯಾರೂ ಬೈಯುವುದಿಲ್ಲ, ಆದರೆ ಅವರ ಮನೆಗೆ ಯಾರೂ ಹೋಗುವುದೂ ಇಲ್ಲ. ಮನೆಯ ಬಾಗಿಲಲ್ಲಿ ‘ಹೋದಿ’ ಎಂದು ಕೂಗಿ, ಒಳಗಿನಿಂದ ‘ಕರಿಬು’ ಎಂಬ ಮಾತು ಕೇಳಿದ ಮೇಲೆಯೇ ಹೆಜ್ಜೆ ಇಡಬೇಕು.

ನಾವು ಸಸ್ಯಾಹಾರಿಗಳು. ಉಪವಾಸ ಬೀಳುತ್ತೇವೆಯೇ?

ಉಡುಪಿಯಲ್ಲಿ ಬೇರೆಲ್ಲ ಪ್ರಶ್ನೆಗಳಿಗಿಂತ ಮೊದಲು ಬರುವ ಪ್ರಶ್ನೆ ಇದು. ಉಪವಾಸ ಬೀಳುವುದಿಲ್ಲ. ಟಾಂಗಾ ತೆಂಗಿನ ನಾಡು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ತೆಂಗಿನ ಹಾಲಿನ ಹುರುಳಿ ಜಾತಿಯ ಕಾಳುಗಳ ಪಲ್ಯ, ಮರಗೆಣಸು, ಬಾಳೆಕಾಯಿ, ಚಪಾತಿ ಎಲ್ಲವೂ ದಿನನಿತ್ಯದ ಆಹಾರ. ಅವರು ‘ಮ್ಚಿಚಾ’ ಎಂದು ಕರೆಯುವ ಸೊಪ್ಪು ನಮ್ಮ ಹರಿವೆಯ ಬಳಗದ್ದೇ. ಹಲಸು, ಮಾವು, ಹುಣಸೆ ಇವೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಯಂತಹ ಉಗಾಲಿಗೆ ಕರಾವಳಿಯವರ ಬಾಯಿ ಒಗ್ಗಲು ಸ್ವಲ್ಪ ಕಾಲ ಬೇಕಾಗುತ್ತದೆ, ಘಟ್ಟದ ಮೇಲಿನವರಿಗೆ ಅಷ್ಟೂ ಬೇಡ.

ಒಂದು ಎಚ್ಚರಿಕೆ: ಮಾಂಸ ತಿನ್ನುವುದಿಲ್ಲ ಎಂದರೆ ಮೀನು ತಿನ್ನುತ್ತೀರಿ ಎಂದು ತಿಳಿಯುತ್ತಾರೆ, ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕು. ಸೊಪ್ಪಿನ ಪಲ್ಯಕ್ಕೆ ‘ದಗಾ’ ಎಂಬ ಸಣ್ಣ ಒಣಮೀನು ಬಿದ್ದಿರಬಹುದು, ಪಿಲಾವಿನ ಅನ್ನ ಮಾಂಸದ ಸಾರಿನಲ್ಲಿ ಬೆಂದಿರಬಹುದು. ಮೀನು ತಿನ್ನುವ ಮಂಗಳೂರಿನವರಿಗೆ ಈ ಪ್ಯಾರಾದ ಅಗತ್ಯವೇ ಇಲ್ಲ, ಅವರು ಹೋದ ದಿನವೇ ಊರಿನವರಾಗುತ್ತಾರೆ.

ರಂಜಾನ್ ತಿಂಗಳಲ್ಲಿ ಕರಾವಳಿಯ ಪೇಟೆಗಳಲ್ಲಿ ಹಗಲು ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ನೆರೆಯವರು ಕರೆದರೆ ತಪ್ಪದೆ ಹೋಗಿ. ಖರ್ಜೂರ, ಗಂಜಿ, ತೆಂಗಿನ ಹಾಲಿನಲ್ಲಿ ಬೆಂದ ಮರಗೆಣಸು ಮತ್ತು ಸಿಹಿಗೆಣಸು ತಟ್ಟೆಯಲ್ಲಿರುತ್ತವೆ. ಸಸ್ಯಾಹಾರಿಗೆ ವರ್ಷದಲ್ಲಿ ಅದಕ್ಕಿಂತ ನಿರಾತಂಕವಾದ ಊಟ ಸಿಗುವುದು ಕಷ್ಟ.

ಮನೆ, ನೀರು, ವಿದ್ಯುತ್ತು, ಹಣಕಾಸು?

ಮನೆಯನ್ನು ಸಾಮಾನ್ಯವಾಗಿ ಶಾಲೆ ಅಥವಾ ಸಂಸ್ಥೆ ಕೊಡುತ್ತದೆ. ವಿದ್ಯುತ್ತಿಗೆ ಮೊಬೈಲ್ ರೀಚಾರ್ಜ್ ಮಾಡಿದಂತೆ ಮೊದಲೇ ಹಣ ಕಟ್ಟಿ, ಬಂದ ಅಂಕೆಗಳನ್ನು ಮೀಟರಿಗೆ ಒತ್ತಬೇಕು. ನೀರನ್ನು ಕುದಿಸಿಯೇ ಕುಡಿಯಬೇಕು. ಮೊಬೈಲಿನಲ್ಲಿ ಹಣ ಕಳುಹಿಸುವ ವ್ಯವಸ್ಥೆ ನಮಗಿಂತ ಹಳೆಯದು: ಎಂ-ಪೆಸಾ 2007ರಲ್ಲಿ ಕೆನ್ಯಾದಲ್ಲಿ ಆರಂಭವಾಗಿ ಮರುವರ್ಷವೇ ತಾಂಜಾನಿಯಾಕ್ಕೆ ಬಂತು, ನಮ್ಮ ಯುಪಿಐ ಬಂದದ್ದು 2016ರಲ್ಲಿ. ಸಿಮ್ ಕಾರ್ಡಿಗೆ ಪಾಸ್‌ಪೋರ್ಟ್ ಮತ್ತು ಬೆರಳಚ್ಚು ಬೇಕು. ಓಡಾಟಕ್ಕೆ ‘ದಲದಲ’ ಎಂಬ ಸಣ್ಣ ಬಸ್ಸುಗಳು ಇವೆ, ಆಟೊ ರಿಕ್ಷಾವನ್ನು ಅಲ್ಲಿ ‘ಬಜಾಜಿ’ ಎಂದೇ ಕರೆಯುತ್ತಾರೆ. ಬಾಡಿಗೆ ಬೈಕುಗಳನ್ನು ಹೆಲ್ಮೆಟ್ ಇಲ್ಲದೆ ಹತ್ತಬೇಡಿ, ರಾತ್ರಿ ಹತ್ತಲೇಬೇಡಿ.

ಮಲೇರಿಯಾ ನಮಗೆ ಹೊಸತೇನಲ್ಲವಲ್ಲ?

ಮಂಗಳೂರಿನವರು ಈ ಮಾತನ್ನು ಬಹಳ ಧೈರ್ಯದಿಂದ ಹೇಳುತ್ತಾರೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಜಾತಿಯ ಮಲೇರಿಯಾ, ತಾಂಜಾನಿಯಾದಲ್ಲಿ ಬಹುಪಾಲು ಫಾಲ್ಸಿಪಾರಂ. ಎರಡನೆಯದು ಮೆದುಳಿಗೆ, ಮೂತ್ರಪಿಂಡಕ್ಕೆ ಏರಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಚಿಕ್ಕಂದಿನಲ್ಲಿ ಮಲೇರಿಯಾ ಬಂದಿತ್ತು ಎಂಬುದು ಅಲ್ಲಿ ರಕ್ಷಣೆಯಾಗುವುದಿಲ್ಲ. ಹೊರಡುವ ಮೊದಲು ಮುಂಜಾಗ್ರತೆಯ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಿ, ಪ್ರತಿ ರಾತ್ರಿ ಔಷಧ ಲೇಪಿಸಿದ ಸೊಳ್ಳೆಪರದೆಯೊಳಗೆ ಮಲಗಿ, ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಮರಳಿದ ಮೇಲೆ ತಿಂಗಳುಗಳ ನಂತರ ಜ್ವರ ಬಂದರೂ ಆಫ್ರಿಕಾದಲ್ಲಿದ್ದೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ತಿಳಿಸಬೇಕು. ಆಡಿಸ್ ಅಬಾಬಾ ಅಥವಾ ನೈರೋಬಿಯ ಮೂಲಕ ಪ್ರಯಾಣವಿದ್ದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ನಿಯಮವನ್ನು ವಿಚಾರಿಸಿಕೊಳ್ಳಿ, ಆ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡಿರಬೇಕು.

ಗುರುತು ಪರಿಚಯವಿಲ್ಲದ ಊರಿನಲ್ಲಿ ಸ್ನೇಹ ಆರಂಭವಾಗುವುದು ಹೇಗೆ?

ಸ್ವಯಂಸೇವಕರು ಸಾಮಾನ್ಯವಾಗಿ ಕೊಡುವುದಕ್ಕೆ ಸಿದ್ಧರಾಗಿ ಹೋಗುತ್ತಾರೆ, ತೆಗೆದುಕೊಳ್ಳುವುದಕ್ಕೆ ಸಿದ್ಧರಾಗಿರುವುದಿಲ್ಲ. ಪುಸ್ತಕ ಕೊಡುತ್ತಾರೆ, ಪೆನ್ನು ಕೊಡುತ್ತಾರೆ, ಸಲಹೆಯನ್ನಂತೂ ಧಾರಾಳವಾಗಿ ಕೊಡುತ್ತಾರೆ. ತಮಗೇನೂ ಬೇಡ, ಎಲ್ಲ ಇದೆ ಎನ್ನುತ್ತಾರೆ. ಇಂತಹವರಿಗೆ ಊರಿನಲ್ಲಿ ಗೌರವಕ್ಕೆ ಕೊರತೆಯಾಗುವುದಿಲ್ಲ, ಆದರೆ ಸಂಜೆ ಬಂದು ಜಗಲಿಯಲ್ಲಿ ಕೂರುವವರು ಯಾರೂ ಇರುವುದಿಲ್ಲ. ನಿಮಗೂ ಏನಾದರೂ ಬೇಕಾಗಿದೆ, ಅದು ತಮ್ಮಲ್ಲಿದೆ ಎಂದು ನೆರೆಯವರಿಗೆ ತಿಳಿದ ದಿನ ಸಂಬಂಧದ ಸ್ವರೂಪವೇ ಬದಲಾಗುತ್ತದೆ.

ನನ್ನ ಮಟ್ಟಿಗೆ ಅದು ತೆಂಗಿನಕಾಯಿಯಿಂದ ಆಯಿತು. ಮಾರುಕಟ್ಟೆಯಿಂದ ಕಾಯಿ ತಂದಿದ್ದೆ, ತುರಿಯಲು ಏನೂ ಇರಲಿಲ್ಲ. ಪಕ್ಕದ ಮನೆಗೆ ಹೋಗಿ ಕೇಳಿದಾಗ ಆ ಮನೆಯ ತಾಯಿ ಒಳಗಿನಿಂದ ಮಡಚುವ ಪುಟ್ಟ ಮರದ ಮಣೆಯೊಂದನ್ನು ತಂದರು. ಮುಂದುಗಡೆ ಚಾಚಿದ ಕಬ್ಬಿಣದ ನಾಲಿಗೆ, ಅದರ ತುದಿಗೆ ಹಲ್ಲುಗಳು: ಗಡಿ ದಾಟಿ ಬಂದ ನಮ್ಮ ಹೆರೆಮಣೆಯೇ. ನಾನು ಕೂತು ತುರಿಯತೊಡಗಿದಾಗ ಮಕ್ಕಳು ಸುತ್ತ ನಿಂತರು, ವಿದೇಶಿ ಟೀಚರಿಗೆ ಇದು ಬರುತ್ತದೆ ಎಂದು ಆಚೆ ಮನೆಯವರನ್ನೂ ಕರೆದರು. ಆ ತಾಯಿ ಮಾತ್ರ ಸ್ವಲ್ಪ ಹೊತ್ತು ನೋಡಿ, ಕರಟದ ತೀರ ಬುಡದವರೆಗೆ ತುರಿಯಬೇಡ, ಹಾಲು ಕಪ್ಪಾಗುತ್ತದೆ ಎಂದು ಗದರಿಸಿದರು. ನಮ್ಮ ಮನೆಯಲ್ಲಿ ಅಜ್ಜಿ ಗದರಿಸುತ್ತಿದ್ದುದೂ ಅದಕ್ಕೇ. ಮಣೆಯನ್ನು ಹಿಂದಿರುಗಿಸುವಾಗ ಒಂದು ಬಟ್ಟಲು ಪಲ್ಯ ಕೊಟ್ಟೆ, ಆ ಬಟ್ಟಲು ಮರುದಿನ ಕಿತ್ತಳೆ ತುಂಬಿಕೊಂಡು ಬಂತು, ಅಲ್ಲಿಂದ ಮುಂದೆ ಯಾರ ಬಟ್ಟಲು ಯಾರ ಮನೆಯಲ್ಲಿದೆ ಎಂಬ ಲೆಕ್ಕ ಇಬ್ಬರಿಗೂ ತಪ್ಪಿಹೋಯಿತು. ನಾನು ಸ್ವಂತ ಮಣೆ ಕೊಳ್ಳಬಹುದಿತ್ತು, ಬೆಲೆಯೇನೂ ಹೆಚ್ಚಲ್ಲ. ಬೇಕೆಂದೇ ಕೊಳ್ಳಲಿಲ್ಲ.

ಹೀಗೆಯೇ ಬಟ್ಟೆ ಹೊಲಿಸಲು ಯಾರಲ್ಲಿ ಹೋಗಬೇಕು, ಇದ್ದಿಲು ಕೊಳ್ಳುವಾಗ ಎಷ್ಟು ಚೌಕಾಶಿ ಮಾಡಬೇಕು ಎಂಬುದನ್ನೆಲ್ಲ ಸಹೋದ್ಯೋಗಿಗಳಲ್ಲಿ ಕೇಳಿ, ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಹೋಗಿ. ಯಾರಾದರೂ ಊಟ ಮಾಡುತ್ತಿರುವಾಗ ದಾರಿಯಲ್ಲಿ ಹೋಗುವವರನ್ನೂ ಕರೆಯುವ ವಾಡಿಕೆ ಅಲ್ಲಿದೆ. ಪ್ರತಿ ಸಲವೂ ಕೂರಬೇಕಾಗಿಲ್ಲ, ಆದರೆ ಪ್ರತಿ ಸಲವೂ ನಕ್ಕು ಮುಂದೆ ಹೋಗುವವರನ್ನು ಅವರು ನೆನಪಿಡುತ್ತಾರೆ. ಕೆಲವೊಮ್ಮೆ ಕೂತು ಎರಡು ತುತ್ತು ತಿನ್ನಿ.

ಸ್ನೇಹಿತರು ಹಣ ಕೇಳಿದರೆ ಏನು ಮಾಡುವುದು?

ಕೇಳುತ್ತಾರೆ. ಇದರ ಬಗ್ಗೆ ಮುಜುಗರವಿಲ್ಲದೆ ಯೋಚಿಸಿಟ್ಟುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಸ್ವಯಂಸೇವಕರ ಸ್ನೇಹಗಳು ಒಡೆಯುವುದು ಹೆಚ್ಚಾಗಿ ಇಲ್ಲಿಯೇ.

ಮೊದಲು ಎರಡು ಬಗೆಯ ಕೇಳಿಕೆಗಳನ್ನು ಬೇರೆ ಮಾಡಿ ನೋಡಬೇಕು. ಮದುವೆ, ಸಾವು, ದೊಡ್ಡ ಕಾಯಿಲೆ ಬಂದಾಗ ಬಂಧುಗಳು, ನೆರೆಯವರು, ಸಹೋದ್ಯೋಗಿಗಳು ಎಲ್ಲರೂ ಹಣ ಕೂಡಿಸುವ ‘ಮಿಚಾಂಗೊ’ ಎಂಬ ಪದ್ಧತಿ ತಾಂಜಾನಿಯಾದ ಸಮಾಜದ ಆಧಾರಸ್ತಂಭ. ಮದುವೆಗೆ ತಿಂಗಳುಗಳ ಮೊದಲೇ ಸಮಿತಿ ರಚನೆಯಾಗುತ್ತದೆ, ಖಜಾಂಚಿ ಇರುತ್ತಾರೆ, ಯಾರು ಎಷ್ಟು ಕೊಡುವುದಾಗಿ ಹೇಳಿದ್ದಾರೆ, ಎಷ್ಟು ಕೊಟ್ಟಿದ್ದಾರೆ ಎಂಬ ಪಟ್ಟಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೆದುರು ಓಡಾಡುತ್ತದೆ. ನಮ್ಮ ಕಡೆ ಮುಯ್ಯಿ ಲೆಕ್ಕವನ್ನು ಪುಸ್ತಕದಲ್ಲಿ ಗುಟ್ಟಾಗಿ ಬರೆದಿಡುವವರಿಗೆ ಆ ಬಹಿರಂಗ ಪಟ್ಟಿ ಮೊದಲ ಸಲ ಗಾಬರಿ ಹುಟ್ಟಿಸೀತು. ಇದು ಭಿಕ್ಷೆಯೂ ಅಲ್ಲ, ವಿದೇಶಿಯೆಂದು ನಿಮ್ಮೊಬ್ಬರನ್ನೇ ಹಿಡಿದದ್ದೂ ಅಲ್ಲ. ನಿಮ್ಮ ಹೆಸರು ಆ ಪಟ್ಟಿಗೆ ಬಂತೆಂದರೆ ನಿಮ್ಮನ್ನು ಒಳಗಿನವರೆಂದು ಎಣಿಸಿದ್ದಾರೆ ಎಂದೇ ಅರ್ಥ. ನಿಮ್ಮ ಸಮಾನ ಹುದ್ದೆಯ ಶಿಕ್ಷಕರು ಎಷ್ಟು ಕೊಡುತ್ತಾರೆ ಎಂದು ನಂಬಿಕಸ್ಥರೊಬ್ಬರನ್ನು ಕೇಳಿ, ಅಷ್ಟನ್ನೇ ಕೊಡಿ. ಹೆಚ್ಚು ಕೊಟ್ಟರೆ ಮುಂದಿನ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲಕ್ಕೇರುತ್ತದೆ, ಉಳಿದವರಿಗೆ ಇರುಸುಮುರುಸಾಗುತ್ತದೆ. ಸಾವಿನ ಮನೆಗೆ ಹಣ ಕಳುಹಿಸಿ ಸುಮ್ಮನಾಗಬಾರದು, ಹೋಗಿ ಕೂರಬೇಕು. ಮಾತು ಬಾರದಿದ್ದರೂ ಪರವಾಗಿಲ್ಲ, ಚಾಪೆಯ ಮೇಲೆ ಹೆಂಗಸರ ನಡುವೆ ಗಂಟೆಗಟ್ಟಲೆ ಕೂತವರನ್ನು ಊರು ಮರೆಯುವುದಿಲ್ಲ.

ಎರಡನೆಯದು ಖಾಸಗಿ ಸಾಲ. ಫೋನ್ ಕೊಳ್ಳಲು, ಕೋಳಿ ಸಾಕಲು, ತಮ್ಮನ ಓದಿಗೆ ಎಂದು ಕೇಳಿಕೆಗಳು ಬರುತ್ತವೆ. ಇಲ್ಲಿ ನನ್ನ ಸಲಹೆ ಕಟುವೆನಿಸಬಹುದು: ಸಹೋದ್ಯೋಗಿಗಳಿಗೆ ಸಾಲ ಕೊಡಬೇಡಿ. ಕೊಟ್ಟರೆ ಮರಳಿ ಬರುವುದಿಲ್ಲವೆಂದೇ ತಿಳಿದು ಕೊಡಿ. ನನಗೆ ಬರುವುದು ಊಟ ವಸತಿಯ ಭತ್ಯೆ ಮಾತ್ರ ಎಂಬ ಸತ್ಯವನ್ನು ಮೊದಲೇ ಎಲ್ಲರಿಗೂ ತಿಳಿಯುವಂತೆ ಹೇಳಿಬಿಡುವುದು ಉತ್ತಮ. ಶಿಕ್ಷಕಿಯರು ನಡೆಸುವ ‘ಉಪಾತು’ ಎಂಬ ಚೀಟಿ ವ್ಯವಹಾರಕ್ಕೆ ಸೇರಿಕೊಂಡರೆ ಇನ್ನೊಂದು ಅನುಕೂಲವಿದೆ. ನಮ್ಮ ಚೀಟಿಯಂತೆ ತಿಂಗಳಿಗೊಬ್ಬರಿಗೆ ಮೊತ್ತ ಸಿಗುತ್ತದೆ, ಹಣದ ವಿಷಯ ಸಮಾನರ ನಡುವಿನ ವಿಷಯವಾಗುತ್ತದೆ.

ವಿದ್ಯಾರ್ಥಿಗಳಿಗೆ ಸಮವಸ್ತ್ರ, ನೋಟುಪುಸ್ತಕಗಳ ತೊಂದರೆ ನಿಜವಾಗಿಯೂ ಇರುತ್ತದೆ. ನೆರವು ನೀಡುವುದಾದರೆ ಶಾಲೆಯ ಮೂಲಕ ನೀಡಿ, ನೇರವಾಗಿ ಒಬ್ಬ ವಿದ್ಯಾರ್ಥಿಯ ಕೈಗೆ ಹಣ ಕೊಡಬೇಡಿ.

ಒಂಟಿ ಹೆಣ್ಣುಮಗಳನ್ನು ಕಳುಹಿಸಬಹುದೇ?

ಇದನ್ನು ಕೇಳುವವರು ತಾಯಂದಿರು. ಟಾಂಗಾ ಕರಾವಳಿಯ ಸಣ್ಣ ಪೇಟೆಗಳಲ್ಲಿ ಒಂಟಿ ಶಿಕ್ಷಕಿಗೆ ಸಾಮಾನ್ಯವಾಗಿ ಗೌರವ ಸಿಗುತ್ತದೆ, ನೆರೆಯ ಹೆಂಗಸರ ಕಣ್ಗಾವಲೂ ಸಿಗುತ್ತದೆ. ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು, ನಮ್ಮ ಚೂಡಿದಾರ ಧಾರಾಳವಾಗಿ ಸಾಕು. ಮದುವೆಯಾಗಿಲ್ಲವೇ, ಮಕ್ಕಳಿಲ್ಲವೇ ಎಂಬ ಪ್ರಶ್ನೆ ಬಸ್ಸಿನಲ್ಲಿ ಪಕ್ಕ ಕೂತವರಿಂದಲೂ ಬರುತ್ತದೆ. ಉಡುಪಿಯ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಅದರ ಉತ್ತರ ಬಾಯಿಪಾಠವಿರುತ್ತದೆ. ಕತ್ತಲಾದ ಮೇಲೆ ಒಬ್ಬರೇ ನಡೆಯಬೇಡಿ, ದಾರ್ ಎಸ್ ಸಲಾಮಿನಂತಹ ದೊಡ್ಡ ನಗರದಲ್ಲಿ ಕೈಚೀಲ, ಫೋನುಗಳ ಬಗ್ಗೆ ಎಚ್ಚರವಿರಲಿ. ಪುರುಷ ಸಹೋದ್ಯೋಗಿಗಳನ್ನು ಮನೆಯೊಳಗೆ ಕೂರಿಸಿ ಮಾತನಾಡುವುದಕ್ಕಿಂತ ಜಗಲಿಯಲ್ಲಿ ಕೂರುವುದು ಜಾಣತನ, ಊರು ಎಲ್ಲವನ್ನೂ ನೋಡುತ್ತಿರುತ್ತದೆ.

ಗೆಳತಿಯರಿಗೆ ಕೊಡಲು ‘ಕಾಂಗಾ’ ಬಟ್ಟೆಗಿಂತ ಒಳ್ಳೆಯ ಉಡುಗೊರೆ ಇಲ್ಲ. ಆದರೆ ಅದರ ಅಂಚಿನಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ, ಕೆಲವು ಸಾಲುಗಳು ಹೊಟ್ಟೆಕಿಚ್ಚಿನ ನೆರೆಯವಳನ್ನು ಕುಟುಕುವಂಥವು. ಬಣ್ಣ ಚೆನ್ನಾಗಿದೆ ಎಂದು ಕೊಳ್ಳುವ ಮೊದಲು ಅಂಗಡಿಯವರಿಂದ ಆ ಸಾಲಿನ ಅರ್ಥ ಕೇಳಿಕೊಳ್ಳಿ.

ಬೆತ್ತದ ಬಳಕೆಯನ್ನು ಕಂಡಾಗ ಹೇಗೆ ನಡೆದುಕೊಳ್ಳಬೇಕು?

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ತಾಂಜಾನಿಯಾದ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಅಧಿಕಾರದಡಿ, ಕೆಲವು ಮಿತಿಗಳೊಳಗೆ, ಬೆತ್ತ ಇನ್ನೂ ಕಾನೂನುಬದ್ಧ. ನೀವು ಬೆತ್ತ ಹಿಡಿಯುವುದಿಲ್ಲ ಎಂಬುದನ್ನು ಮೊದಲ ವಾರವೇ ಹೇಳಿ, ನಿಮ್ಮ ತರಗತಿಯ ಮಕ್ಕಳನ್ನು ಶಿಕ್ಷೆಗಾಗಿ ಬೇರೆಯವರ ಬಳಿ ಕಳುಹಿಸಬೇಡಿ. ಸಹೋದ್ಯೋಗಿಯೊಬ್ಬರನ್ನು ಮಕ್ಕಳ ಎದುರು ತಡೆಯುವುದರಿಂದ ಮಕ್ಕಳಿಗೆ ಲಾಭವಿಲ್ಲ. ಬೆತ್ತವಿಲ್ಲದೆಯೂ ನಿಮ್ಮ ಕೊಠಡಿಯಲ್ಲಿ ಪಾಠ ನಡೆಯುತ್ತಿದ್ದರೆ ಕಿರಿಯ ಶಿಕ್ಷಕರು ತಾವಾಗಿಯೇ ಬಂದು ವಿಚಾರಿಸುತ್ತಾರೆ, ಆಗ ಮಾತನಾಡಬಹುದು. ಗಾಯವಾಗುವಂತಹ ಹೊಡೆತ ಕಂಡರೆ ಮಾತ್ರ ತಡಮಾಡದೆ ಮುಖ್ಯೋಪಾಧ್ಯಾಯರಿಗೂ ನಿಮ್ಮ ಸಂಸ್ಥೆಗೂ ತಿಳಿಸಬೇಕು.

ಮಕ್ಕಳ ಫೋಟೊಗಳನ್ನು ಹಂಚಿಕೊಳ್ಳಬಹುದೇ?

ಉಡುಪಿಯ ಶಾಲೆಯೊಂದಕ್ಕೆ ಹೊರದೇಶದವರೊಬ್ಬರು ಬಂದು ನಿಮ್ಮ ಮಗುವಿನ ಫೋಟೊವನ್ನು ಕೇಳದೆ ಹಾಕಿದರೆ ನೀವು ಏನೆನ್ನುತ್ತೀರೋ, ಉತ್ತರ ಅದೇ.

ಅಲ್ಲಿನ ಭಾರತೀಯರ ಜತೆ ಸೇರಿಕೊಳ್ಳಬಹುದಲ್ಲವೇ?

ಸೇರಿಕೊಳ್ಳಬಹುದು, ಆದರೆ ಅಲ್ಲಿಗೇ ನಿಲ್ಲಬಾರದು. ತಾಂಜಾನಿಯಾದ ಭಾರತೀಯರಲ್ಲಿ ಹೆಚ್ಚಿನವರು ಗುಜರಾತಿ ಮೂಲದ ವ್ಯಾಪಾರಿ ಕುಟುಂಬಗಳವರು, ತಲೆಮಾರುಗಳಿಂದ ಅಲ್ಲಿಯವರೇ ಆದವರು. 1971ರಲ್ಲಿ ಬಾಡಿಗೆ ಕಟ್ಟಡಗಳು ರಾಷ್ಟ್ರೀಕರಣಗೊಂಡಾಗ ಅನೇಕರು ಬ್ರಿಟನ್, ಕೆನಡಾಗಳಿಗೆ ಹೋದರು, ಉಳಿದವರು ಅಂಗಡಿ, ಕಾರ್ಖಾನೆಗಳನ್ನು ನಡೆಸುತ್ತಿದ್ದಾರೆ. ಆದ್ದರಿಂದ ‘ಮ್ಹಿಂದಿ’ (ಭಾರತೀಯ) ಎಂದರೆ ಅಂಗಡಿಯ ಯಜಮಾನ ಎಂಬ ಕಲ್ಪನೆ ಊರಿನವರಲ್ಲಿ ಬೇರೂರಿದೆ. ಭಾರತೀಯಳೊಬ್ಬಳು ದಲದಲದಲ್ಲಿ ನಿಂತು ಪ್ರಯಾಣಿಸುವುದನ್ನು, ಹಳ್ಳಿಯ ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯುವುದನ್ನು ಕಂಡು ಅವರು ಅಚ್ಚರಿಪಡುತ್ತಾರೆ. ಒಂದು ಕಾಲದಲ್ಲಿ ಮಂಗಳೂರಿನ ಹೆಂಚು ಪೂರ್ವ ಆಫ್ರಿಕಾದ ಬಂದರುಗಳಿಗೆ ಹಡಗಿನಲ್ಲಿ ಹೋಗುತ್ತಿತ್ತು ಎಂದು ನಾನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ, ಇತಿಹಾಸದ ಮೇಷ್ಟ್ರು ಅದನ್ನು ತಮ್ಮ ಮಾನ್ಸೂನ್ ವ್ಯಾಪಾರದ ಪಾಠಕ್ಕೆ ಸೇರಿಸಿಕೊಂಡರು.

ದಾರ್ ಎಸ್ ಸಲಾಮಿನಲ್ಲಿ ಭಾರತೀಯ ದಿನಸಿ ಅಂಗಡಿಗಳೂ ದೇವಸ್ಥಾನಗಳೂ ಇವೆ, ಹಬ್ಬಕ್ಕೊಮ್ಮೆ ಹೋಗಿ ಬರಬಹುದು. ಐಐಟಿ ಮದ್ರಾಸ್ 2023ರಲ್ಲಿ ಜಂಜಿಬಾರಿನಲ್ಲಿ ಆವರಣ ತೆರೆದ ಮೇಲೆ ಭಾರತವೆಂದರೆ ಓದು ಎಂಬ ಮಾತೂ ಅಲ್ಲಲ್ಲಿ ಕೇಳಿಬರತೊಡಗಿದೆ.

ಒಂಟಿತನ ಕಾಡುವುದಿಲ್ಲವೇ?

ಕಾಡುತ್ತದೆ. ಹೋದ ಹೊಸತರಲ್ಲಿ ಅಲ್ಲ, ಎಲ್ಲವೂ ಅಭ್ಯಾಸವಾದ ಮೇಲೆ. ಹೊಸತನ ಮುಗಿದಿರುತ್ತದೆ, ಭಾಷೆ ತಮಾಷೆ ಮಾಡುವಷ್ಟು ಬಂದಿರುವುದಿಲ್ಲ, ಇಡೀ ದಿನ ಸರಳ ವಾಕ್ಯಗಳಲ್ಲಿಯೇ ಮಾತನಾಡಿ ಮನಸ್ಸು ದಣಿದಿರುತ್ತದೆ. ಭಾರತದ ಸಮಯ ಅಲ್ಲಿಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ಉಡುಪಿಯಲ್ಲಿ ಊಟ ಮುಗಿಯುವ ಒಂಬತ್ತು ಗಂಟೆ ಅಲ್ಲಿನ ಸಂಜೆ ಆರೂವರೆ. ಮನೆಗೆ ಫೋನ್ ಮಾಡಲು ಇದು ಅನುಕೂಲದ ಹೊತ್ತು, ತೊಂದರೆಯ ಹೊತ್ತೂ ಹೌದು, ಏಕೆಂದರೆ ನೆರೆಯವರು ಜಗಲಿಗೆ ಬರುವುದೂ ಅದೇ ಸಮಯಕ್ಕೆ. ಪ್ರತಿ ಸಂಜೆ ವೀಡಿಯೊ ಕರೆಯಲ್ಲಿ ಮುಳುಗಿರುವವರಿಗೆ ಅಲ್ಲಿ ಗೆಳೆಯರಾಗುವುದಿಲ್ಲ. ವಾರಕ್ಕೆರಡು ಕರೆ ಎಂದು ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಅಮ್ಮಂದಿರು ಒಪ್ಪುವುದಿಲ್ಲ, ಒಪ್ಪಿಸಬೇಕು.

ಬೇರೆ ದೇಶಗಳ ಸ್ವಯಂಸೇವಕರು ಹತ್ತಿರದ ಪೇಟೆಯಲ್ಲಿದ್ದರೆ ವಾರಾಂತ್ಯದಲ್ಲಿ ಭೇಟಿಯಾಗಿ ಮನಸಾರೆ ದೂರಿಕೊಳ್ಳುವುದರಲ್ಲಿ ತಪ್ಪಿಲ್ಲ. ಆ ದೂರುಗಳನ್ನು ಸೋಮವಾರ ಶಾಲೆಗೆ ತರಬಾರದು, ಅಷ್ಟೆ.

ಬೇಸಿಗೆ ರಜೆಯಲ್ಲಿ ಎರಡು ವಾರ ಹೋಗಿ ಬರಬಹುದೇ?

ಪ್ರವಾಸಕ್ಕಾದರೆ ಸಂತೋಷವಾಗಿ ಹೋಗಿ ಬನ್ನಿ. ಪಾಠ ಮಾಡಲು ಬೇಡ. ನಮ್ಮ ಬೇಸಿಗೆ ರಜೆ ಅಲ್ಲಿ ದೊಡ್ಡ ಮಳೆಯ ಕಾಲ, ಶಾಲೆಯ ವರ್ಷ ಜನವರಿಯಲ್ಲಿ ಆರಂಭವಾಗಿ ಮಧ್ಯದಲ್ಲಿರುತ್ತದೆ, ನಿಮ್ಮ ಹೆಸರು ಮಕ್ಕಳಿಗೆ ಬಾಯಿಗೆ ಬರುವಷ್ಟರಲ್ಲಿ ನೀವು ಹೊರಟಿರುತ್ತೀರಿ. ಒಂದು ಪೂರ್ಣ ಶಾಲಾ ವರ್ಷಕ್ಕಿಂತ ಕಡಿಮೆ ಅವಧಿಗೆ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಮರಳಿ ಬಂದ ಮೇಲೆ ಆ ಸ್ನೇಹಗಳು ಉಳಿಯುತ್ತವೆಯೇ?

ಕೆಲವು ಉಳಿಯುತ್ತವೆ. ಬರವಣಿಗೆಗಿಂತ ಧ್ವನಿ ಸಂದೇಶ ಹೆಚ್ಚು ಕೆಲಸಕ್ಕೆ ಬರುತ್ತದೆ, ಸ್ವಾಹಿಲಿಯೂ ಮರೆಯದೆ ಉಳಿಯುತ್ತದೆ. ನಾಲ್ಕನೆಯ ಫಾರ್ಮ್ ಪರೀಕ್ಷೆಯ ಫಲಿತಾಂಶ ಜನವರಿಯ ಹೊತ್ತಿಗೆ ಅಂತರ್ಜಾಲದಲ್ಲಿ ಶಾಲೆಯ ಹೆಸರಿನಡಿ ಪ್ರಕಟವಾಗುತ್ತದೆ. ನಾನು ನೋಡಿ ಮುಗಿಸುವ ಮೊದಲೇ ಸಹೋದ್ಯೋಗಿಗಳಿಂದ ಗಣಿತದಲ್ಲಿ ಯಾರು ದಡ ಸೇರಿದರು ಎಂಬ ಸುದ್ದಿ ಬಂದಿರುತ್ತದೆ. ಅಕ್ಟೋಬರ್ 14ರ ನ್ಯೆರೆರೆ ದಿನ ಆ ದೇಶದ ಮೊದಲ ಅಧ್ಯಕ್ಷರ ಸ್ಮರಣೆಯ ರಜಾದಿನ. ಸ್ವತಃ ಶಿಕ್ಷಕರಾಗಿದ್ದ ಅವರ ನೆನಪಿನ ದಿನ ಹಳೆಯ ಮೇಷ್ಟ್ರುಗಳಿಗೆ ಫೋನ್ ಮಾಡಲು ಒಳ್ಳೆಯ ನೆಪ. ಮಿಚಾಂಗೊ ಪಟ್ಟಿಗಳೂ ಬರುತ್ತಲೇ ಇರುತ್ತವೆ. ಹತ್ತಿರದವರ ಮದುವೆ, ಸಾವುಗಳಿಗೆ ಮಾತ್ರ ಕಳುಹಿಸುತ್ತೇನೆ ಎಂದು ನಾನು ಗುಂಪಿನಲ್ಲಿಯೇ ಹೇಳಿದ್ದೇನೆ, ಯಾರೂ ಬೇಸರಿಸಿಲ್ಲ.

ಊರಿನಿಂದ ಏನೇನು ಕೊಂಡೊಯ್ಯಬೇಕು?

ವಿಷಯದ ಪುಸ್ತಕಗಳು, ಹಳೆಯ ಪ್ರಶ್ನೆಪತ್ರಿಕೆಗಳನ್ನು ತುಂಬಿದ ಪೆನ್ ಡ್ರೈವ್, ಟಾರ್ಚ್, ಚೌಕ ಪಿನ್ನಿನ ಬ್ರಿಟಿಷ್ ಮಾದರಿಯ ಸಾಕೆಟ್ಟಿಗೆ ಹೊಂದುವ ಅಡಾಪ್ಟರ್. ಕುಚ್ಚಲಕ್ಕಿ ಸಣ್ಣ ಪೇಟೆಗಳಲ್ಲಿ ಸಿಗುವುದಿಲ್ಲ, ಆದರೆ ಅದನ್ನು ಹೊತ್ತೊಯ್ಯುವುದು ವ್ಯರ್ಥ. ಬದಲಿಗೆ ಸಾರಿನ ಪುಡಿ, ಹಪ್ಪಳ ಸಾಕು. 2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದ್ದು, ಪ್ರಯಾಣಿಕರು ಅವುಗಳನ್ನು ವಿಮಾನ ನಿಲ್ದಾಣದಲ್ಲಿಯೇ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಮನೆಯವರು ಉಪ್ಪಿನಕಾಯಿಯ ಡಬ್ಬವನ್ನು ಮೂರು ಸುತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟಿದ್ದರೆ ಬಜಪೆಯ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ ಬಿಚ್ಚಿ, ಬಟ್ಟೆಯ ಚೀಲಕ್ಕೆ ಬದಲಾಯಿಸಿಕೊಳ್ಳಿ.